ಪಾಸ್‌ವರ್ಡ್ ಗಟ್ಟಿ, ಬೀಗ ಟೊಳ್ಳು: ಹಳೇ ವೈಫೈನ ‘ವೆಪ್’ ಮುರಿದು ಬಿದ್ದ ಕಥೆ

ಈ ಸಂಚಿಕೆಗೆ ಕಾರಣ ಪಾಂಡವಪುರದಿಂದ ಬಂದ ಒಂದು ವಾಯ್ಸ್ ಮೆಸೇಜ್. ಕಳಿಸಿದವನು ಡಿಗ್ರಿ ಓದ್ತಿರೋ ಹುಡುಗ. ಅವನ ಮಾತಲ್ಲೇ ಹೇಳ್ತೀನಿ: “ಅಣ್ಣಾ, ನಮ್ಮ ಮಾವನ ಅಂಗಡಿ ವೈಫೈಗೆ ಕನೆಕ್ಟ್ ಆದ್ರೆ ಐಫೋನ್‌ನಲ್ಲಿ ‘ವೀಕ್ ಸೆಕ್ಯುರಿಟಿ’ ಅಂತ ಬರುತ್ತೆ. ಪಾಸ್‌ವರ್ಡ್ ಇದೆ, ಕಷ್ಟದ್ದೇ ಇದೆ. ಮಾವ ಅದನ್ನ ಯಾರಿಗೂ ಹೇಳಲ್ಲ, ನಂಗೇ ಮೂರು ಸಲ ಕೇಳಿದ್ಮೇಲೆ ಕೊಟ್ರು. ಮತ್ತೆ ವೀಕ್ ಯಾಕೆ?”

ಅದೇ ವಾರ ಕೆ.ಆರ್. ಪೇಟೆಯಿಂದ ಇನ್ನೊಬ್ಬರು, ಪಾಸ್‌ವರ್ಡ್ ಕೊಡದಿದ್ರೂ ಯಾರೋ ನಮ್ಮ ವೈಫೈ ಬಳಸ್ತಿದ್ದಾರೆ ಅನ್ಸುತ್ತೆ, ಸಾಧ್ಯನಾ ಅಂತ ಕೇಳಿದ್ರು. ಶ್ರೀರಂಗಪಟ್ಟಣದಲ್ಲಿ ಹೋಮ್‌ಸ್ಟೇ ನಡೆಸೋ ಒಬ್ಬರದ್ದು ಬೇರೆ ಚಿಂತೆ: ಬಂದುಹೋಗೋರು ನಮ್ಮ ವೈಫೈನಲ್ಲಿ ಏನೋ ಮಾಡಿದ್ರೆ ನಮ್ಮ ತಲೆಗೆ ಬರುತ್ತಾ? ಮೂರೂ ಬೇರೆ ಬೇರೆ ಪ್ರಶ್ನೆ ಅನ್ಸಬಹುದು. ಮೂರಕ್ಕೂ ಉತ್ತರ ಒಂದೇ ಕಡೆಯಿಂದ ಶುರುವಾಗುತ್ತೆ. ಪಾಸ್‌ವರ್ಡ್ ಅನ್ನೋದು ಬೀಗದ ಕೈ ಮಾತ್ರ. ಕೈ ಎಷ್ಟೇ ಜೋಪಾನವಾಗಿಟ್ಕೊಂಡ್ರೂ ಬೀಗವೇ ಟೊಳ್ಳಾಗಿದ್ರೆ ಏನು ಪ್ರಯೋಜನ? ವೈಫೈಗೆ ಮೊಟ್ಟಮೊದಲು ಹಾಕಿದ ಬೀಗ ಹಾಗೇ ಇತ್ತು. ಅದರ ಹೆಸರು ‘ವೆಪ್’. ವೈರ್ಡ್ ಈಕ್ವಿವಲೆಂಟ್ ಪ್ರೈವೆಸಿ. ಅಂದ್ರೆ, ವೈರ್ ಎಳೆದ ಜಾಲದಲ್ಲಿ ಎಷ್ಟು ಗುಟ್ಟು ಉಳಿಯುತ್ತೋ ಅಷ್ಟು ಗುಟ್ಟು ಇಲ್ಲೂ ಉಳಿಯುತ್ತೆ ಅಂತ ಹೆಸರಲ್ಲೇ ಕೊಟ್ಟ ಭರವಸೆ.

ಆ ಭರವಸೆ ಯಾಕೆ ಬೇಕಾಯ್ತು ಅಂದ್ರೆ, ವೈರ್ ಇದ್ರೆ ಕದ್ದು ಕೇಳೋಕೆ ಯಾರಾದ್ರೂ ಮನೆ ಒಳಗೆ ಬರಬೇಕು. ವೈಫೈ ಹಾಗಲ್ಲ, ಅದೊಂದು ರೇಡಿಯೋ. ನಿಮ್ಮ ಫೋನ್ ರೂಟರ್‌ಗೆ ಕಳಿಸೋ ಪ್ರತಿಯೊಂದು ತುಣುಕೂ ಗೋಡೆ ದಾಟಿ ಬೀದಿಗೂ ಹೋಗುತ್ತೆ, ಪಕ್ಕದ ಮನೆಗೂ ಹೋಗುತ್ತೆ. ಆ ತುಣುಕಿಗೆ ಪ್ಯಾಕೆಟ್ ಅಂತಾರೆ. ಪ್ಯಾಕೆಟ್ ಹಿಡಿಯೋದನ್ನ ತಡೆಯೋಕೆ ಆಗಲ್ಲ. ಹಿಡಿದವನಿಗೆ ಅರ್ಥ ಆಗದ ಹಾಗೆ ಮಾಡಬಹುದು, ಅಷ್ಟೇ. ಅದೇ ಎನ್‌ಕ್ರಿಪ್ಶನ್.

ವೈಫೈನ ಮೊದಲ ನಿಯಮಾವಳಿ, 802.11 ಅನ್ನೋದು, ಬಂದಿದ್ದು 1997ರಲ್ಲಿ. ವೆಪ್ ಅದರ ಒಳಗೇ ಇತ್ತು. ಆಗ ಅಮೆರಿಕದಿಂದ ಗಟ್ಟಿ ಎನ್‌ಕ್ರಿಪ್ಶನ್ ಹೊರದೇಶಕ್ಕೆ ಕಳಿಸೋಕೆ ಕಟ್ಟುಪಾಡು ಇತ್ತು. ಹಾಗಾಗಿ ಕೀಲಿಯ ಉದ್ದ ಬರೀ 40 ಬಿಟ್, ಅಂದ್ರೆ ಐದು ಅಕ್ಷರ. ಆಮೇಲೆ ಅದನ್ನ 104 ಬಿಟ್‌ಗೆ, ಹದಿಮೂರು ಅಕ್ಷರಕ್ಕೆ ಏರಿಸಿದ್ರು. ಡಬ್ಬಿ ಮೇಲೆ 128 ಬಿಟ್ ಅಂತ ದೊಡ್ಡದಾಗಿ ಅಚ್ಚು ಹಾಕ್ತಿದ್ರು. ಮಿಕ್ಕ 24 ಬಿಟ್ ಎಲ್ಲಿಂದ ಬಂತು? ಅಲ್ಲೇ ಇರೋದು ಎಡವಟ್ಟು. ಅದಕ್ಕೆ ಬರ್ತೀನಿ.

ನಮ್ಮ ಕಡೆಯ ಒಂದು ವಿಷಯ ಮೊದಲು ಹೇಳಿಬಿಡ್ತೀನಿ, ಕಾಲ ಯಾವುದು ಅಂತ ಗೊತ್ತಾಗಲಿ. ಶ್ರೀರಂಗಪಟ್ಟಣದಿಂದ ಕಾವೇರಿ ದಾಟಿ ಸ್ವಲ್ಪ ದೂರ ಹೋದ್ರೆ ಮೈಸೂರು ತಾನೆ? 2004ರ ಸುಮಾರಿಗೆ ಮೈಸೂರು ದೇಶದ ಮೊದಲ ವೈಫೈ ನಗರ ಅಂತ ಸುದ್ದಿಯಾಗಿತ್ತು. ಕಂಪನಿಯೊಂದು ಊರಿನಲ್ಲೂ ಅಕ್ಕಪಕ್ಕದ ಕೆಲವು ಹಳ್ಳಿಗಳಲ್ಲೂ ಹಾಟ್‌ಸ್ಪಾಟ್ ಹಾಕಿತ್ತು. 2005ರ ಜನವರಿಯಲ್ಲಿ ಕೇಂದ್ರ ಸರ್ಕಾರ 2.4 ಗಿಗಾಹರ್ಟ್ಸ್ ತರಂಗದಲ್ಲಿ ಕಡಿಮೆ ಶಕ್ತಿಯ ವೈಫೈ ನಡೆಸೋಕೆ ಲೈಸೆನ್ಸ್ ಬೇಡ ಅಂತ ಅಧಿಸೂಚನೆ ಹೊರಡಿಸಿತು. ಮನೆಮನೆಗೆ ರೂಟರ್ ಬರೋಕೆ ಅಲ್ಲಿಂದ ದಾರಿಯಾಯ್ತು. ಆದ್ರೆ ಗಮನಿಸಿ, ಅಷ್ಟೊತ್ತಿಗಾಗಲೇ ವೆಪ್ ಮುರಿದು ಮೂರ್ನಾಲ್ಕು ವರ್ಷ ಆಗಿತ್ತು! ಆಮೇಲೆ ಬಂದ ಡಬ್ಬಿಗಳಲ್ಲೂ ವೆಪ್ ಒಂದು ಆಯ್ಕೆಯಾಗಿ ಕೂತೇ ಇತ್ತು. ಜನ ಅದನ್ನ ಆರಿಸ್ಕೋತಾನೂ ಇದ್ರು.

ಈಗ ಎಡವಟ್ಟಿಗೆ ಬರೋಣ. ಕಾಗದ ಪೆನ್ನು ಇದ್ರೆ ತಗೊಳ್ಳಿ. ಬಸ್ಸಲ್ಲಿ ನಿಂತಿದ್ರೆ ಸುಮ್ನೆ ಕೇಳಿ, ಕೂಡೋದು ಕಳೆಯೋದು ಬಿಟ್ರೆ ಬೇರೇನೂ ಇಲ್ಲ.

ನಾನು ನಿಮಗೆ 2514 ಅನ್ನೋ ಸಂಖ್ಯೆ ಗುಟ್ಟಾಗಿ ಕಳಿಸಬೇಕು. ನಮ್ಮಿಬ್ಬರಿಗೇ ಗೊತ್ತಿರೋ ಗುಪ್ತ ಸಂಖ್ಯೆ 7396. ಒಂದೊಂದೇ ಅಂಕಿ ಕೂಡ್ತೀನಿ, ಹತ್ತು ದಾಟಿದ್ರೆ ದಶಕ ಬಿಟ್ಟುಬಿಡ್ತೀನಿ. ಎರಡು ಏಳು ಒಂಬತ್ತು. ಐದು ಮೂರು ಎಂಟು. ಒಂದು ಒಂಬತ್ತು ಹತ್ತು, ಸೊನ್ನೆ ಬರ್ಕೋತೀನಿ. ನಾಲ್ಕು ಆರು ಹತ್ತು, ಮತ್ತೆ ಸೊನ್ನೆ. ಗಾಳಿಗೆ ಹೋಗಿದ್ದು 9800. ಹಿಡಿದವನಿಗೆ ತಲೆಬುಡ ಗೊತ್ತಾಗಲ್ಲ. ನೀವು 7396 ಕಳೆದು 2514 ತೆಗೀತೀರಿ. ಇಲ್ಲಿವರೆಗೂ ಚೆನ್ನಾಗಿದೆ. ಗುಪ್ತ ಸಂಖ್ಯೆಯನ್ನ ಒಂದೇ ಸಲ ಬಳಸಿ ಎಸೆದುಬಿಟ್ರೆ ಇದನ್ನ ಜಗತ್ತಲ್ಲಿ ಯಾರೂ ಮುರಿಯೋಕಾಗಲ್ಲ. ಇದು ಗಣಿತದಲ್ಲೇ ಸಾಬೀತಾಗಿರೋ ಮಾತು.

ಸೋಮಾರಿತನಕ್ಕೆ ಅದೇ 7396 ಎರಡನೇ ಸಲ ಬಳಸ್ತೀನಿ ಅಂದ್ಕೊಳಿ. ಈ ಸಲ ಕಳಿಸಬೇಕಾದ್ದು 2618. ಅದೇ ಥರ ಕೂಡಿದ್ರೆ 9904. ಗಾಳಿಯಲ್ಲಿ ಎರಡನ್ನೂ ಹಿಡಿದವನು ಏನ್ ಮಾಡ್ತಾನೆ? 9904ರಿಂದ 9800 ಅನ್ನ ಅಂಕಿ ಅಂಕಿಯಾಗಿ ಕಳೀತಾನೆ. ಬರೋದು 0104. ಈಗ ನನ್ನ ಮೂಲ ಸಂಖ್ಯೆಗಳನ್ನ ನೀವೇ ಕಳೆದು ನೋಡಿ: 2618ರಿಂದ 2514 ಹೋದ್ರೂ 0104! ಗುಪ್ತ ಸಂಖ್ಯೆ ಎಲ್ಲಿಗೆ ಹೋಯ್ತು? ಮಾಯ. ಎರಡರಲ್ಲೂ ಒಂದೇ ಇದ್ದಿದ್ರಿಂದ ಕಳೆದಾಗ ಹೊಡೆದುಹೋಯ್ತು. ಕಳ್ಳನಿಗೆ ಎರಡು ಸಂದೇಶದಲ್ಲಿ ಒಂದು ಏನು ಅಂತ ಊಹೆ ಸಿಕ್ರೆ ಇನ್ನೊಂದೂ ಸಿಕ್ತು, ಗುಪ್ತ ಸಂಖ್ಯೆಯೂ ಸಿಕ್ತು. ಊಹೆ ಕಷ್ಟ ಅಂದ್ಕೋಬೇಡಿ. ವೈಫೈ ಪ್ಯಾಕೆಟ್‌ಗಳ ಆರಂಭದ ಅಕ್ಷರಗಳು ಸಾಮಾನ್ಯವಾಗಿ ಒಂದೇ ಥರ ಇರ್ತವೆ. ನಮ್ಮ ಕಾಗದ ಪತ್ರಗಳು ‘ಕ್ಷೇಮ, ನಿಮ್ಮ ಕ್ಷೇಮಕ್ಕೆ’ ಅಂತಲೇ ಶುರುವಾಗ್ತಿದ್ವಲ್ಲ, ಹಾಗೆ.

ವೆಪ್ ಕಟ್ಟಿದವರಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಪ್ರತಿ ಪ್ಯಾಕೆಟ್‌ಗೂ ಬೇರೆ ಗುಪ್ತ ಸಂಖ್ಯೆ ಹುಟ್ಟಲಿ ಅಂತಲೇ ಒಂದು ಉಪಾಯ ಮಾಡಿದ್ರು. ನಿಮ್ಮ ಪಾಸ್‌ವರ್ಡ್‌ನ ಮುಂದೆ ಪ್ರತಿ ಪ್ಯಾಕೆಟ್‌ಗೂ ಬದಲಾಗೋ ಒಂದು ನಂಬರ್ ಸೇರಿಸೋದು. ಅದಕ್ಕೆ ಐವಿ ಅಂತ ಹೆಸರು. ಎರಡನ್ನೂ ಸೇರಿಸಿ ಆರ್‌ಸಿ4 ಅನ್ನೋ ಯಂತ್ರಕ್ಕೆ ಹಾಕಿದ್ರೆ ಅದು ಉದ್ದನೆಯ ಗುಪ್ತ ಸಾಲು ಉಗುಳುತ್ತೆ. ಈ ನಂಬರ್ ಗುಟ್ಟಲ್ಲ, ಪ್ಯಾಕೆಟ್ ಜೊತೆ ಬಯಲಾಗಿಯೇ ಹೋಗುತ್ತೆ. ಗಾಡಿ ನಂಬರ್ ಪ್ಲೇಟ್ ಇದ್ದ ಹಾಗೆ. ಡಬ್ಬಿ ಮೇಲಿನ 128ರಲ್ಲಿ ಮಿಕ್ಕಿದ್ದ 24 ಬಿಟ್ ಇದೇ. ಎಲ್ಲರಿಗೂ ಕಾಣೋ ನಂಬರನ್ನೂ ಗುಟ್ಟಿನ ಲೆಕ್ಕಕ್ಕೆ ಸೇರಿಸಿ ಮಾರಿದ್ರು. ವ್ಯಾಪಾರ ಅಂದ್ರೆ ಅದು!

ನಂಬರ್ ಪ್ಲೇಟಿನ ಲೆಕ್ಕವನ್ನೇ ಮುಂದುವರಿಸೋಣ. ಮಂಡ್ಯ ಗಾಡಿಗಳು ಕೆಎ 11, ನಾಗಮಂಗಲದ್ದು ಕೆಎ 54. ಕೊನೆಯಲ್ಲಿ ನಾಲ್ಕಂಕಿ. ನಡುವೆ ಇಂಗ್ಲಿಷ್ ಅಕ್ಷರಗಳ ಸೀರೀಸ್ ಇಲ್ಲ ಅಂದ್ಕೊಳಿ. ಆಗ 9999 ಗಾಡಿ ಆದ್ಮೇಲೆ ಏನ್ ಮಾಡ್ತೀರಿ? ಮತ್ತೆ 1ರಿಂದ ಶುರು ಮಾಡಬೇಕು, ಒಂದೇ ನಂಬರಿನ ಎರಡು ಗಾಡಿ ರಸ್ತೆಗೆ ಬರುತ್ತೆ. ಐವಿಗೂ ಅದೇ ಗತಿ. 24 ಬಿಟ್ ಅಂದ್ರೆ ಒಟ್ಟು 1,67,77,216 ನಂಬರ್. ಕೇಳೋಕೆ ಜಾಸ್ತಿ ಅನ್ಸುತ್ತೆ. ಆದ್ರೆ ಆ ಕಾಲದ 11 ಎಂಬಿಪಿಎಸ್ ರೂಟರ್ ಬಿಡುವಿಲ್ಲದೆ ಕೆಲಸ ಮಾಡಿದ್ರೆ ಸುಮಾರು ಐದು ಗಂಟೆಯಲ್ಲಿ ಅಷ್ಟೂ ಖಾಲಿ. ಮತ್ತೆ ಹಳೇ ನಂಬರೇ ಗತಿ.

ನಂಬರ್ ಸಾಲಾಗಿ ಬೇಡ, ಚೀಟಿ ಎತ್ತಿದ ಹಾಗೆ ಯಾವುದೋ ಒಂದು ತಗೊಂಡ್ರೆ? ಇನ್ನೂ ಕೆಟ್ಟದು. 23 ಜನ ಇರೋ ಕ್ಲಾಸಲ್ಲಿ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರೋ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು ಅಂತ ಕೇಳಿರ್ತೀರಿ. ಅದೇ ಲೆಕ್ಕದಲ್ಲಿ ಇಲ್ಲಿ ಐದು ಸಾವಿರ ಪ್ಯಾಕೆಟ್ ಆಗೋಷ್ಟರಲ್ಲಿ ಎರಡಕ್ಕೆ ಒಂದೇ ನಂಬರ್ ಬಿದ್ದಿರೋ ಸಾಧ್ಯತೆಯೇ ಹೆಚ್ಚು. ಐದು ಸಾವಿರ ಪ್ಯಾಕೆಟ್ ಅಂದ್ರೆ ನಿಮ್ಮ ಒಂದೆರಡು ರೀಲ್ಸ್ ಅಷ್ಟೇ. ಇದೆಲ್ಲ ಸಾಲದು ಅಂತ, ಆಗಿನ ಕೆಲವು ವೈಫೈ ಕಾರ್ಡ್‌ಗಳು ಆಫ್ ಮಾಡಿ ಆನ್ ಮಾಡಿದ್ರೆ ಮತ್ತೆ ಸೊನ್ನೆಯಿಂದಲೇ ಎಣಿಸ್ತಿದ್ವು. ನಮ್ಮೂರಿನ ಕರೆಂಟ್ ಹೋಗಿ ಬರೋದನ್ನ ನೆನಪಿಸ್ಕೊಳಿ.

ಈ ಮರುಬಳಕೆ ತೊಂದರೆಯನ್ನ ಬರ್ಕ್ಲಿಯ ನಿಕಿತಾ ಬೊರಿಸೊವ್, ಇಯಾನ್ ಗೋಲ್ಡ್‌ಬರ್ಗ್, ಡೇವಿಡ್ ವ್ಯಾಗ್ನರ್ 2001ರಲ್ಲಿ ಬಿಡಿಸಿ ತೋರಿಸಿದ್ರು. ಅವರು ತೋರಿಸಿದ ಇನ್ನೊಂದು ಲೋಪ ನಂಗೆ ಇನ್ನೂ ಮಜಾ ಅನ್ಸುತ್ತೆ. ದಾರಿಯಲ್ಲಿ ಪ್ಯಾಕೆಟ್ ಯಾರಾದ್ರೂ ತಿದ್ದಿದ್ದಾರಾ ಅಂತ ನೋಡೋಕೆ ವೆಪ್‌ನಲ್ಲಿ ಒಂದು ತಾಳೆ ಸಂಖ್ಯೆ ಇತ್ತು. ಅದು ಡೇರಿಯ ಹಾಲಿನ ಚೀಟಿಯಲ್ಲಿ ಲೀಟರ್, ರೇಟು, ಒಟ್ಟು ಬರೆದ ಹಾಗೆ. ಲೀಟರ್ ಮಾತ್ರ ತಿದ್ದಿದ್ರೆ ಒಟ್ಟು ತಾಳೆಯಾಗಲ್ಲ, ಸಿಕ್ಕಿಬೀಳ್ತಾನೆ. ಆದ್ರೆ ಲೀಟರನ್ನೂ ಒಟ್ಟನ್ನೂ ಎರಡನ್ನೂ ತಿದ್ದಿದ್ರೆ? ಲೆಕ್ಕ ಸರಿಯಾಗೇ ಇರುತ್ತೆ. ಅದನ್ನ ತಡೆಯೋಕೆ ಕಾರ್ಯದರ್ಶಿಯ ಸಹಿ ಬೇಕು. ವೆಪ್‌ನಲ್ಲಿ ಒಟ್ಟು ಇತ್ತು, ಸಹಿ ಇರಲಿಲ್ಲ. ಹಾಗಾಗಿ ಒಳಗೇನಿದೆ ಅಂತ ಓದದೇನೇ ತಿದ್ದಬಹುದಿತ್ತು.

ಇಷ್ಟಾದ್ರೂ ಕೀಲಿ, ಅಂದ್ರೆ ಆ ಪಾಸ್‌ವರ್ಡ್, ಇನ್ನೂ ಕೈಗೆ ಸಿಕ್ಕಿರಲಿಲ್ಲ. ಅದೇ 2001ರ ಆಗಸ್ಟ್‌ನಲ್ಲಿ ಅದೂ ಆಯ್ತು. ಸ್ಕಾಟ್ ಫ್ಲೂರರ್, ಇಟ್ಸಿಕ್ ಮಾಂಟಿನ್, ಆದಿ ಶಮೀರ್ ಅಂತ ಮೂವರು. ಶಮೀರ್ ಹೆಸರು ಕಂಪ್ಯೂಟರ್ ಸೈನ್ಸ್ ಓದ್ತಿರೋರಿಗೆ ಗೊತ್ತು, ಆರ್‌ಎಸ್‌ಎ ಅನ್ನೋದರಲ್ಲಿ ಎಸ್ ಅಂದ್ರೆ ಅವರೇ. ಇವರು ಕಂಡುಕೊಂಡಿದ್ದು ಏನಂದ್ರೆ, ಕೆಲವು ಐವಿ ನಂಬರುಗಳು ಬಾಯಿಬಡುಕ ನಂಬರುಗಳು. ಅಂಥ ನಂಬರ್ ಬಿದ್ದಾಗ ಆರ್‌ಸಿ4 ಉಗುಳೋ ಮೊದಲ ಅಕ್ಷರದಲ್ಲೇ ನಿಮ್ಮ ಪಾಸ್‌ವರ್ಡ್‌ನ ಒಂದು ಅಕ್ಷರದ ಸುಳಿವು ಇರುತ್ತೆ. ಒಂದು ಸಲದ ಸುಳಿವು ಖಾತ್ರಿಯಲ್ಲ. ಆದ್ರೆ ಅಂಥವು ಸಾಕಷ್ಟು ಒಟ್ಟು ಮಾಡಿದ್ರೆ ಸರಿಯಾದ ಅಕ್ಷರಕ್ಕೇ ಹೆಚ್ಚು ಓಟು ಬೀಳುತ್ತೆ. ಒಂದು ಅಕ್ಷರ ಸಿಕ್ಕಮೇಲೆ ಮುಂದಿನದ್ದು. ಹೀಗೇ ಸಾಲಾಗಿ.

ಪಾಂಡವಪುರದ ಮಾವನ ಹದಿಮೂರು ಅಕ್ಷರದ ಪಾಸ್‌ವರ್ಡ್ ಯಾಕೆ ಉಪಯೋಗಕ್ಕೆ ಬರಲ್ಲ ಅನ್ನೋಕೆ ಕಾರಣ ಇದೇ. ಸೂಟ್‌ಕೇಸಿನ ಮೂರು ಚಕ್ರದ ನಂಬರ್ ಲಾಕ್ ನೋಡಿದ್ದೀರಲ್ಲ? 000ಯಿಂದ 999ರವರೆಗೆ ಸಾವಿರ ಸಲ ತಿರುಗಿಸಬೇಕು. ಆದ್ರೆ ಸರಿಯಾದ ಅಂಕಿಗೆ ಬಂದಾಗ ಒಂದೊಂದು ಚಕ್ರವೂ ‘ಟಿಕ್’ ಅಂದ್ರೆ? ಮೂವತ್ತೇ ಸಲ ಸಾಕು. ಇನ್ನೊಂದು ಚಕ್ರ ಸೇರಿಸಿದ್ರೆ ಹತ್ತು ಸಾವಿರ ಆಗಲ್ಲ, ನಲವತ್ತು ಆಗುತ್ತೆ. ವೆಪ್ ಅಂಥ ಟಿಕ್ ಅನ್ನೋ ಬೀಗ. ಐದು ಅಕ್ಷರದಿಂದ ಹದಿಮೂರಕ್ಕೆ ಹೋದ್ರೂ ಕಳ್ಳನಿಗೆ ಸ್ವಲ್ಪ ಹೊತ್ತು ಜಾಸ್ತಿ, ಅಷ್ಟೇ.

ಮೊದಮೊದಲು ಇದಕ್ಕೆ ಹತ್ತಾರು ಲಕ್ಷ ಪ್ಯಾಕೆಟ್ ಬೇಕಿತ್ತು, ಗಂಟೆಗಟ್ಟಲೆ ಕಾಯಬೇಕಿತ್ತು. ಆಮೇಲೆ ಕಾಯೋ ಗೋಜೂ ತಪ್ಪಿತು. ವೆಪ್‌ಗೆ ಹಳೇ ಪ್ಯಾಕೆಟ್ ಯಾವುದು ಹೊಸದು ಯಾವುದು ಗೊತ್ತಾಗ್ತಿರಲಿಲ್ಲ. ಹಿಡಿದ ಒಂದು ಪ್ಯಾಕೆಟನ್ನೇ ಮತ್ತೆ ಮತ್ತೆ ರೂಟರ್‌ಗೆ ಎಸೆದ್ರೆ, ರೂಟರ್ ಪಾಪ ಪ್ರತಿ ಸಲವೂ ಹೊಸ ಐವಿ ಹಾಕಿ ಉತ್ತರ ಕೊಡೋದು. ಕಳ್ಳನೇ ಕೇಳಿ ಕೇಳಿ ಮಾತಾಡಿಸಿದ ಹಾಗೆ. 2007ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನ ಮೂವರು ಸಂಶೋಧಕರು 104 ಬಿಟ್ ಕೀಲಿ ತೆಗೆಯೋಕೆ 40,000 ಪ್ಯಾಕೆಟ್ ಸಾಕು, ಅರ್ಧಕ್ಕರ್ಧ ಸಲ ಸಿಗುತ್ತೆ ಅಂತ ತೋರಿಸಿದ್ರು. 85,000 ಇದ್ರೆ ನೂರಕ್ಕೆ ತೊಂಬತ್ತೈದು ಸಲ. ಒಂದು ನಿಮಿಷದೊಳಗಿನ ಕೆಲಸ.

ಅದೇ ವರ್ಷ ಭಾರತದವರದ್ದೂ ಒಂದು ಸಾಧನೆ ಇದೆ. ಏರ್‌ಟೈಟ್ ನೆಟ್‌ವರ್ಕ್ಸ್‌ನ ವಿವೇಕ್ ರಾಮಚಂದ್ರನ್, ಮೊಹಮ್ಮದ್ ಸೊಹೈಲ್ ಅಹ್ಮದ್ ಸೇರಿ ‘ಕೆಫೆ ಲಾಟೆ’ ಅನ್ನೋ ದಾಳಿ ಕಂಡುಹಿಡಿದು ಅಮೆರಿಕದ ಸ್ಯಾನ್ ಡಿಯಾಗೊದ ಸಮಾವೇಶದಲ್ಲಿ ತೋರಿಸಿದ್ರು. ಅಲ್ಲಿವರೆಗೂ ಆಫೀಸಿನ ವೆಪ್ ಕೀಲಿ ಕದಿಯೋಕೆ ಆ ಆಫೀಸಿನ ಹತ್ತಿರವೇ ಹೋಗಬೇಕು ಅಂತಿತ್ತು. ಇವರು ಅದೂ ಬೇಡ ಅಂದ್ರು. ಆ ಆಫೀಸಿನವರ ಲ್ಯಾಪ್‌ಟಾಪ್ ಎಲ್ಲೋ ಕಾಫಿ ಅಂಗಡಿಯಲ್ಲಿ ತೆರೆದಿದ್ರೆ ಸಾಕು. ಲ್ಯಾಪ್‌ಟಾಪ್ ತನಗೆ ಗೊತ್ತಿರೋ ವೈಫೈ ಹೆಸರುಗಳನ್ನ ಹುಡುಕ್ತಿರುತ್ತೆ, ನಕಲಿ ರೂಟರ್ ‘ನಾನೇ ಅದು’ ಅನ್ನುತ್ತೆ, ವೆಪ್‌ನಲ್ಲಿ ರೂಟರ್ ತನ್ನ ಗುರುತು ತೋರಿಸಬೇಕಾದ ನಿಯಮವೇ ಇಲ್ಲ. ಕಾಫಿ ಮುಗಿಯೋಷ್ಟರಲ್ಲಿ ಕೀಲಿ ಕೈಯಲ್ಲಿ.

ಇದೆಲ್ಲ ಲ್ಯಾಬ್ ಆಟ ಅಂದ್ಕೋಬೇಡಿ. ಅಮೆರಿಕದ ಟಿಜೆಎಕ್ಸ್ ಅನ್ನೋ ದೊಡ್ಡ ಬಟ್ಟೆ ಅಂಗಡಿ ಕಂಪನಿಗೆ 2005ರಲ್ಲಿ ಕಳ್ಳರು ಹೊಕ್ಕಿದ್ದು ಅಂಗಡಿ ವೈಫೈ ಮೂಲಕ. ಅಲ್ಲಿದ್ದ ಬೀಗ ವೆಪ್. 2007ರಲ್ಲಿ ಕಂಪನಿಯೇ ಹೇಳಿದ ಲೆಕ್ಕದಲ್ಲಿ 4.57 ಕೋಟಿ ಕಾರ್ಡ್‌ಗಳ ವಿವರ ಹೋಗಿತ್ತು. ವೆಪ್ ಮುರಿದಿದೆ ಅಂತ ಗೊತ್ತಾಗಿ ನಾಲ್ಕು ವರ್ಷ ಆದ್ಮೇಲೆ ನಡೆದ ಕಳ್ಳತನ ಇದು. ಕಾರ್ಡ್ ಕಂಪನಿಗಳು 2010ರ ಜೂನ್ 30ರ ನಂತರ ಕಾರ್ಡ್ ವ್ಯವಹಾರದ ಜಾಲದಲ್ಲಿ ವೆಪ್ ಇರಲೇಬಾರದು ಅಂತ ನಿಯಮ ಮಾಡಿದ್ವು.

ಈಗ ಶ್ರೀರಂಗಪಟ್ಟಣದ ಹೋಮ್‌ಸ್ಟೇ ಪ್ರಶ್ನೆ. ಇದಕ್ಕೆ 2008ಕ್ಕೆ ಹೋಗಬೇಕು. ಆ ವರ್ಷ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಸ್ಫೋಟ ಆಯ್ತು. ಸ್ಫೋಟಕ್ಕೆ ಸ್ವಲ್ಪ ಮೊದಲು ಸುದ್ದಿ ಸಂಸ್ಥೆಗಳಿಗೆ ಒಂದು ಇಮೇಲ್ ಬಂದಿತ್ತು. ಪೊಲೀಸರು ಅದರ ಜಾಡು ಹಿಡಿದು ಹೋದ್ರೆ ಸಿಕ್ಕಿದ್ದು ನವಿ ಮುಂಬೈನ ಒಂದು ಫ್ಲಾಟ್. ಅಲ್ಲಿದ್ದವರು ಒಬ್ಬ ಅಮೆರಿಕನ್ ಪ್ರಜೆ. ಅವರ ವೈಫೈಗೆ ಸರಿಯಾದ ಬೀಗ ಇರಲಿಲ್ಲ, ಬೇರೆ ಯಾರೋ ಅದನ್ನ ಬಳಸಿ ಇಮೇಲ್ ಕಳಿಸಿದ್ರು. ಆದ್ರೆ ಪೊಲೀಸರು ಮೊದಲು ಬಾಗಿಲು ತಟ್ಟಿದ್ದು ಯಾರ ಮನೆದು? ಅವರದ್ದೇ. ದಿನಗಟ್ಟಲೆ ವಿಚಾರಣೆ. ಆ ವರ್ಷವೇ ಮುಂಬೈನ ಒಂದು ಕಾಲೇಜು ಮತ್ತು ಒಂದು ಕಂಪನಿಯ ವೈಫೈಯಿಂದಲೂ ಇಂಥದ್ದೇ ಇಮೇಲ್ ಹೋದ್ವು. 2009ರ ಫೆಬ್ರವರಿಯಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆ, ವೈಫೈ ಬಳಕೆದಾರರ ಗುರುತು ದಾಖಲಾಗಬೇಕು, ಜಾಲ ಸುರಕ್ಷಿತವಾಗಿರಬೇಕು ಅಂತ ಇಂಟರ್ನೆಟ್ ಕಂಪನಿಗಳಿಗೆ ಸೂಚನೆ ಕೊಡ್ತು.

ಇಲ್ಲಿ ಕೆಲಸ ಮಾಡೋ ತರ್ಕ ಸರಳ. ಹೊರಗಿನ ಜಗತ್ತಿಗೆ ನಿಮ್ಮ ರೂಟರ್ ಹಿಂದೆ ಇರೋರೆಲ್ಲ ಒಬ್ಬರೇ. ಐಪಿ ವಿಳಾಸ ನಿಮ್ಮ ಹೆಸರಲ್ಲಿದೆ, ಬಿಲ್ ನಿಮ್ಮ ಹೆಸರಲ್ಲಿದೆ. ಒಳಗೆ ಬಂದವನು ಪಾಸ್‌ವರ್ಡ್ ಇಲ್ಲದ ಬಾಗಿಲಿಂದ ಬಂದ್ನೋ, ವೆಪ್ ಮುರಿದು ಬಂದ್ನೋ, ಜಾಡು ಬರೋದು ನಿಮ್ಮ ಮನೆಗೇ. ನಂಗೆ ವೆಪ್ ಬಗ್ಗೆ ಭಯ ಇರೋದು ಮುಖ್ಯವಾಗಿ ಈ ಕಾರಣಕ್ಕೆ.

ಹಾಗಾದ್ರೆ ಫೋನ್‌ಪೇ, ಗೂಗಲ್‌ಪೇ ದುಡ್ಡು ಹೋಗುತ್ತಾ ಅಂತ ಕೇಳ್ತೀರಿ. ಇಲ್ಲಿ ಹೆದರಿಸೋಕೆ ನಂಗಿಷ್ಟ ಇಲ್ಲ. ಇವತ್ತಿನ ಬ್ಯಾಂಕ್ ಆಪ್‌ಗಳು, ವಾಟ್ಸಾಪ್, ಬೀಗದ ಗುರುತಿರೋ ವೆಬ್‌ಸೈಟ್‌ಗಳು ತಮ್ಮದೇ ಎನ್‌ಕ್ರಿಪ್ಶನ್ ಹಾಕ್ಕೊಂಡೇ ಹೊರಗೆ ಹೋಗ್ತವೆ. ವೈಫೈ ಬೀಗ ಮುರಿದ್ರೂ ಒಳಗಿನ ಪೆಟ್ಟಿಗೆಗೆ ಇನ್ನೊಂದು ಬೀಗ ಇರುತ್ತೆ. 2001ಕ್ಕೂ ಇವತ್ತಿಗೂ ಇರೋ ದೊಡ್ಡ ವ್ಯತ್ಯಾಸ ಇದು. ಆದ್ರೆ ಜಾಲದ ಒಳಗೆ ಬಂದವನಿಗೆ ಫೋನ್ ಒಂದೇ ಸಿಗಲ್ಲ. ಅಂಗಡಿಯ ಸಿಸಿಟಿವಿ ರೆಕಾರ್ಡರ್ ಸಿಗುತ್ತೆ, ಪ್ರಿಂಟರ್ ಸಿಗುತ್ತೆ, ರೂಟರಿನ ಸೆಟ್ಟಿಂಗ್ ಪುಟ ಸಿಗುತ್ತೆ. ಇವಕ್ಕೆಲ್ಲ ಡಬ್ಬಿಯಲ್ಲಿ ಬಂದ ‘ಅಡ್ಮಿನ್, ಅಡ್ಮಿನ್’ ಪಾಸ್‌ವರ್ಡೇ ಎಷ್ಟೋ ಕಡೆ ಉಳಿದಿರುತ್ತೆ.

ವೆಪ್ ಇನ್ನೂ ಯಾಕೆ ಉಳಿದಿದೆ ಅನ್ನೋದಕ್ಕೆ ನಾಗಮಂಗಲದಲ್ಲಿ ಕಂಡ ಒಂದು ಉದಾಹರಣೆ ಹೇಳ್ತೀನಿ. ಒಂದು ಜೆರಾಕ್ಸ್ ಅಂಗಡಿ. ಆಧಾರ್ ಪ್ರತಿ, ಪಹಣಿ, ಜಾತಿ ಪ್ರಮಾಣಪತ್ರ ಅಂತ ದಿನವಿಡೀ ಜನ. ಯಜಮಾನರಿಗೆ ವೆಪ್ ಬದಲಾಯಿಸಿ ಸಾರ್ ಅಂದೆ. ಅವರು ಮೂಲೆಯಲ್ಲಿದ್ದ ಪ್ರಿಂಟರ್ ತೋರಿಸಿದ್ರು. “ಬದಲಾಯ್ಸಿದ್ದೆ ಕಣಪ್ಪ. ಈ ಮುದುಕ ಹೊಸ ಪಾಸ್‌ವರ್ಡ್‌ಗೆ ಕನೆಕ್ಟೇ ಆಗಲ್ಲ ಅಂದ. ಪ್ರಿಂಟ್ ಇವತ್ತಿಗೂ ಚೆನ್ನಾಗ್ ಹೊಡೀತಾನೆ, ಬಿಸಾಕೋಕಾಗುತ್ತಾ?” ಅವರ ಮಾತಲ್ಲಿ ತಪ್ಪೇನಿದೆ? ಒಂದು ಹಳೇ ಯಂತ್ರಕ್ಕೆ ವೆಪ್ ಬಿಟ್ಟು ಬೇರೆ ಭಾಷೆ ಬರಲ್ಲ ಅಂದ್ರೆ ಇಡೀ ಅಂಗಡಿಯೇ ವೆಪ್‌ನಲ್ಲಿ ಇರುತ್ತೆ. ಟಿಜೆಎಕ್ಸ್‌ನಂಥ ಕಂಪನಿಗೂ ಎಲ್ಲಾ ಅಂಗಡಿಯ ಹಳೇ ಸಲಕರಣೆ ಬದಲಾಯ್ಸೋದು ಸುಲಭ ಇರಲಿಲ್ಲ. ಅಂಗಡಿಯವರಿಗೆ ನಾನು ಹೇಳಿದ್ದು ಇಷ್ಟೇ: ಪ್ರಿಂಟರ್‌ಗೆ ಯುಎಸ್‌ಬಿ ಕೇಬಲ್ ಇದೆಯಲ್ಲ ಸಾರ್, ವೈಫೈ ಯಾಕೆ ಬೇಕು? ಇನ್ನೂರು ರೂಪಾಯಿ ಒಳಗೆ ಕೇಬಲ್ ಬಂತು. ಮುದುಕ ಈಗಲೂ ಹೊಡೀತಿದ್ದಾನೆ.

ಹಳೇ ಯಂತ್ರಗಳ ಈ ಸಂಕಟ ವೈಫೈ ಕಟ್ಟೋರಿಗೂ ಗೊತ್ತಿತ್ತು. ಅದಕ್ಕೇ 2003ರಲ್ಲಿ ಡಬ್ಲ್ಯುಪಿಎ ಅಂತ ತುರ್ತು ತೇಪೆ ಹಾಕಿದ್ರು. ಒಳಗೆ ಅದೇ ಆರ್‌ಸಿ4, ಆದ್ರೆ ಪ್ರತಿ ಪ್ಯಾಕೆಟ್‌ಗೂ ಕೀಲಿಯೇ ಬದಲಾಗೋ ಟಿಕೆಐಪಿ ಅನ್ನೋ ವ್ಯವಸ್ಥೆ. ಹಳೇ ಡಬ್ಬಿಗಳೂ ಸಾಫ್ಟ್‌ವೇರ್ ಅಪ್‌ಡೇಟ್‌ನಲ್ಲಿ ನಡೆಯಲಿ ಅಂತ. ಇದೂ ಈಗ ಹಳತು. 2004ರಲ್ಲಿ ಹೊಸ ನಿಯಮಾವಳಿ ಬಂತು, ಎಇಎಸ್ ಅನ್ನೋ ಗಟ್ಟಿ ಯಂತ್ರದ ಡಬ್ಲ್ಯುಪಿಎ2 ಅದು. 2006ರ ಮಾರ್ಚ್‌ನಿಂದ ವೈಫೈ ಮುದ್ರೆ ಬೇಕು ಅಂದ್ರೆ ಡಬ್ಲ್ಯುಪಿಎ2 ಇರಲೇಬೇಕು ಅಂತಾಯ್ತು. ಅದರಲ್ಲಿ ಐವಿಯ ಜಾಗದಲ್ಲಿರೋ ನಂಬರ್ 48 ಬಿಟ್. ಒಂದೂವರೆ ಕೋಟಿ ಚಿಲ್ಲರೆ ಇದ್ದಿದ್ದು ಲಕ್ಷ ಕೋಟಿಗಳ ಲೆಕ್ಕಕ್ಕೆ ಹೋಯ್ತು, ಖಾಲಿಯಾಗೋ ಮಾತೇ ಇಲ್ಲ.

ಆದ್ರೂ 2017ರಲ್ಲಿ ಬೆಲ್ಜಿಯಂನ ಮ್ಯಾಥಿ ವ್ಯಾನ್‌ಹೋಫ್ ಡಬ್ಲ್ಯುಪಿಎ2ರಲ್ಲೂ ಒಂದು ಬಿರುಕು ತೋರಿಸಿದ್ರು, ‘ಕ್ರ್ಯಾಕ್’ ಅಂತ ಅದರ ಹೆಸರು. ಏನು ಬಿರುಕು ಗೊತ್ತಾ? ಫೋನ್‌ಗೆ ಮೋಸ ಮಾಡಿ ಆ ನಂಬರನ್ನ ಮತ್ತೆ ಮೊದಲಿನಿಂದ ಎಣಿಸೋ ಹಾಗೆ ಮಾಡೋದು! ಇಪ್ಪತ್ತು ವರ್ಷ ಆದ್ಮೇಲೂ ಅದೇ 7396, ಅದೇ ಎರಡನೇ ಸಲ. ಇದಕ್ಕೆ ಸಾಫ್ಟ್‌ವೇರ್ ಅಪ್‌ಡೇಟ್‌ನಲ್ಲಿ ಪರಿಹಾರ ಬಂತು, 2018ರಲ್ಲಿ ಡಬ್ಲ್ಯುಪಿಎ3 ಕೂಡ ಬಂತು.

ಈಗ ಪಾಂಡವಪುರದ ತಮ್ಮನಿಗೆ. ನಿನ್ನ ಐಫೋನ್ ‘ವೀಕ್ ಸೆಕ್ಯುರಿಟಿ’ ಅಂದ್ರೆ ಎರಡರಲ್ಲಿ ಒಂದು: ರೂಟರ್ ವೆಪ್‌ನಲ್ಲಿದೆ, ಇಲ್ಲಾ ಟಿಕೆಐಪಿ ತೇಪೆಯಲ್ಲಿದೆ. ಆಂಡ್ರಾಯ್ಡ್ ಇದ್ದೋರು ವೈಫೈ ಸೆಟ್ಟಿಂಗ್‌ನಲ್ಲಿ ಹೆಸರಿನ ಮೇಲೆ ಒತ್ತಿದ್ರೆ ‘ಸೆಕ್ಯುರಿಟಿ’ ಅನ್ನೋ ಸಾಲಲ್ಲಿ ಯಾವ ಬೀಗ ಅಂತ ಕಾಣುತ್ತೆ. ಮಾವನ ಅನುಮತಿ ತಗೊಂಡು ರೂಟರ್ ತಿರುಗಿಸಿ ನೋಡು, ತಳದಲ್ಲಿ 192.168ರಿಂದ ಶುರುವಾಗೋ ವಿಳಾಸ ಅಂಟಿಸಿರ್ತಾರೆ. ಬ್ರೌಸರ್‌ನಲ್ಲಿ ಅದನ್ನ ಹಾಕಿ, ವೈರ್‌ಲೆಸ್ ಸೆಕ್ಯುರಿಟಿ ಪುಟದಲ್ಲಿ ಡಬ್ಲ್ಯುಪಿಎ2 ಜೊತೆ ಎಇಎಸ್ ಆರಿಸು. ಡಬ್ಲ್ಯುಪಿಎ3 ಇದ್ರೆ ಇನ್ನೂ ಒಳ್ಳೇದು. ಪಾಸ್‌ವರ್ಡನ್ನೂ ಬದಲಾಯಿಸು, ಹಳೇದು ಯಾರ ಕೈಯಲ್ಲಾದ್ರೂ ಇರಬಹುದು. ಒಂದು ಆಸೆ ಬೇಕಾದ್ರೆ ಮಾವನಿಗೆ ತೋರಿಸಬಹುದು: ವೆಪ್‌ನಲ್ಲಿ ಹೊಸ ತಲೆಮಾರಿನ ವೈಫೈ ವೇಗ ಸಿಗಲ್ಲ, ನಿಯಮಾವಳಿ ಪ್ರಕಾರ 54 ಎಂಬಿಪಿಎಸ್‌ನ ಹಳೇ ಮಿತಿಗೇ ನಿಂತುಬಿಡುತ್ತೆ. ಸುರಕ್ಷತೆಗೆ ಒಪ್ಪದೋರು ಸ್ಪೀಡಿಗೆ ಒಪ್ತಾರೆ.

ಹೋಮ್‌ಸ್ಟೇಯವರು ‘ಗೆಸ್ಟ್ ನೆಟ್‌ವರ್ಕ್’ ಆನ್ ಮಾಡಿ. ಬಂದೋರಿಗೆ ಅದು, ನಿಮ್ಮ ಸಿಸಿಟಿವಿ ಮತ್ತು ಬಿಲ್ಲಿಂಗ್ ಕಂಪ್ಯೂಟರ್‌ಗೆ ಬೇರೆ. ಬಂದೋರ ಹೆಸರು ದಿನಾಂಕ ರಿಜಿಸ್ಟರ್‌ನಲ್ಲಿ ಬರೀತೀರಲ್ಲ, ಅದನ್ನ ಬಿಡಬೇಡಿ. ಕೆ.ಆರ್. ಪೇಟೆಯವರೇ, ನಿಮ್ಮ ಅನುಮಾನ ನಿಜ ಇರಬಹುದು. ರೂಟರ್ ಪುಟದಲ್ಲಿ ‘ಕನೆಕ್ಟೆಡ್ ಡಿವೈಸಸ್’ ಅನ್ನೋ ಪಟ್ಟಿ ತೆಗೆದು, ಮನೆಯ ಫೋನ್, ಟಿವಿ ಎಲ್ಲ ಎಣಿಸಿ ತಾಳೆ ನೋಡಿ.

ಕೊನೇಗೆ, ಇದನ್ನೆಲ್ಲ ಕೇಳಿ ಪಕ್ಕದ ಮನೆ ವೆಪ್ ಮುರಿದು ನೋಡೋಣ ಅಂತ ಕೈ ತುರಿಸ್ತಿರೋರಿಗೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಸೆಕ್ಷನ್ ಪ್ರಕಾರ, ಅನುಮತಿ ಇಲ್ಲದೆ ಬೇರೆಯವರ ಜಾಲಕ್ಕೆ ದುರುದ್ದೇಶದಿಂದ ಹೊಕ್ಕರೆ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ, ಇಲ್ಲಾ ಎರಡೂ ಆಗಬಹುದು. ಕಲಿಯೋ ಆಸೆ ನಿಜವಾಗ್ಲೂ ಇದ್ರೆ ಗುಜರಿಯಲ್ಲಿ ಬಿದ್ದಿರೋ ಒಂದು ಹಳೇ ರೂಟರ್ ತಂದು, ನಿಮ್ಮದೇ ಎರಡು ಫೋನ್ ಕಟ್ಟಿಕೊಂಡು, ಇಂಟರ್ನೆಟ್ ವೈರ್ ಕಿತ್ತು ಪ್ರಯೋಗ ಮಾಡಿ. ಆನ್‌ಲೈನ್‌ನಲ್ಲಿ ದುಡ್ಡು ಹೋಗಿದ್ರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಮುಂದಿನ ವಾರ ಬ್ಲೂಟೂತ್ ಬಗ್ಗೆ ಮಾತಾಡೋಣ. ಪ್ರಶ್ನೆ ಇದ್ರೆ ವಾಯ್ಸ್ ಮೆಸೇಜ್ ಕಳಿಸಿ, ಊರಿನ ಹೆಸರು ಹೇಳೋದು ಮರೀಬೇಡಿ.